ಮೇಣದ ಮೆದುಳು

ಬಾವಿ ದಾಟೋವರೆಗೂ ಜುಲ್ಮೀರಾಗೆ ಬರೀ ಸಿಟ್ಟಿತ್ತು, ಹೆದರಿಕೆ ಇರಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ. ಯಾಕಂದ್ರೆ ಕತೆ ಮುಗಿದ ಮೇಲೆ ನಮ್ಮ ಮೇಷ್ಟ್ರು, ಅದೇ ಅಲ್ಲಿ ಮೂಲೇಲಿ ಕೂತಿರೋ ನನ್ನ ಅಳಿಯ, ಮೀಸೆಯೊಳಗೇ ನಕ್ಕು 'ಪಾಪ, ಕತ್ತಲಲ್ಲಿ ಏನೋ ಕಂಡು ಬೆದರಿರ್ತಾಳೆ' ಅಂತಾರೆ. ಬೆದರೋ ಪೈಕಿ ಅಲ್ಲ ಅವಳು. ನನ್ನ ಚಿಕ್ಕಮ್ಮನ ಮಗಳು. ಹಂದಿ ಕಡಿಯೋ ದಿನ ಗಂಡಸರು ಕಾಲು ಹಿಡಿಯೋಕೆ ಹಿಂದೆಮುಂದೆ ನೋಡಿದ್ರೆ, ಪಕ್ಕಕ್ಕೆ ತಳ್ಳಿ ತಾನೇ ಹಿಡಿಯೋಳು. ನಗೋದಿದ್ರೆ ಈಗಲೇ ನಕ್ಕುಬಿಡಿ ಮೇಷ್ಟ್ರೇ. ಒಲೆಗೆ ಇನ್ನೊಂದು ಕೊರಡು ತಳ್ಳಿ, ಆಮೇಲೆ ಸುಮ್ಮನಿರಿ.

ನವೆಂಬರ್ ಕೊನೆ. ನಮ್ಮ ಮಿನ್ಯೊ ಸೀಮೆಗೆ ಆಗಿನ್ನೂ ಕರೆಂಟು ಬಂದಿರಲಿಲ್ಲ. ಗುಡ್ಡದ ಮೇಲಿನ ದೇವಮಾತೆಯ ಗುಡಿಯಿಂದ ಒಬ್ಬಳೇ ಇಳೀತಿದ್ಲು. ಕೈಯಲ್ಲಿ ಬುಟ್ಟಿ. ಬುಟ್ಟಿಯಲ್ಲಿ ಬಿಳಿ ಬಟ್ಟೆ ಸುತ್ತಿದ... ಮೇಣದ ಮೆದುಳು.

ಅವಳ ಕಸುಬು ಹರಕೆ ಮೇಣದ್ದು. ಕಾಲು ನೋವಿದ್ದವರಿಗೆ ಮೇಣದ ಕಾಲು, ಹಾಲು ಬತ್ತಿದ ಬಾಣಂತಿಗೆ ಮೇಣದ ಮೊಲೆ, ಹಸು ಬದುಕಿಕೊಂಡ್ರೆ ಹಸು. ಜನ ಕೊಂಡುಹೋಗಿ ಗುಡಿಯೊಳಗೆ ನೇತುಹಾಕ್ತಾರೆ. ಹಬ್ಬ ಮುಗಿದ ಮೇಲೆ ಗುಡಿಯವರು ಎಲ್ಲ ಇಳಿಸಿ, ಮೂಟೆ ಕಟ್ಟಿ, ಅವಳಿಗೇ ವಾಪಸ್ ಮಾರ್ತಾರೆ. ಅವಳು ಕರಗಿಸಿ ಮತ್ತೆ ಅಚ್ಚಿಗೆ ಸುರೀತಾಳೆ. ಈ ವರ್ಷ ಒಬ್ಬರ ಮೊಣಕಾಲಾಗಿದ್ದು ಮುಂದಿನ ವರ್ಷ ಇನ್ನೊಬ್ಬರ ಕಿವಿ. ಎಲ್ಲರಿಗೂ ಗೊತ್ತು, ಯಾರೂ ಅದರ ಮಾತೆತ್ತಲ್ಲ. ಅವಳೂ ಎತ್ತುತ್ತಿರಲಿಲ್ಲ.

ಆ ವರ್ಷ ಅವಳ ಗಂಡ ದೆಲ್ಫೀಂಗೆ ಲಕ್ವ ಹೊಡೀತು. ಬಲಗೈ ಸೋತುಹೋಯ್ತು, ಅದು ಹೋಗಲಿ. ಮಾತು ಹೋಯ್ತು. ದೆಲ್ಫೀಂನ ಮಾತು ಅಂದ್ರೆ ಸಾಮಾನ್ಯದ್ದಲ್ಲ. ಕಣದಲ್ಲಿ ಸವಾಲು ಪದ ಹಾಡೋಕೆ ನಿಂತ್ರೆ, ಅಕಾರ್ಡಿಯನ್‌ನವನು ಒಂದು ಉಸಿರು ತಗೊಳ್ಳೋದರೊಳಗೆ ಎದುರಾಳಿಗೆ ಜವಾಬು ಕಟ್ಟಿ ಮುಖಕ್ಕೆ ಎಸೆಯೋನು. ಜುಲ್ಮೀರಾಳ ಅಣ್ಣನನ್ನ ಹಾಡಲ್ಲಿ ಸೋಲಿಸಿಯೇ ಅವಳನ್ನ ಮದುವೆ ಆಗಿದ್ದು. ಅಂಥವನ ಬಾಯಲ್ಲಿ ಉಳಿದಿದ್ದು ಒಂದೇ ಮಾತು. ಹೌದೌದು. ಹಸಿವಾಯ್ತಾ? ಹೌದೌದು. ಸಾಕಾಯ್ತಾ? ಹೌದೌದು. ನಾನು ಯಾರು ಹೇಳು? ಹೌದೌದು... ಅಂದು, ಅದಲ್ಲ ಅಂತ ಅವನಿಗೇ ಗೊತ್ತಾಗಿ, ಗೋಡೆ ಕಡೆ ತಿರುಗಿ ಮಲಗೋನು. ಆ ಬೆನ್ನು ನೋಡೋಕೆ ನಮಗೇ ಆಗ್ತಿರಲಿಲ್ಲ.

ನಗರದ ಡಾಕ್ಟರು ಅವಳಿಗೆ ಮೆದುಳಿನ ಒಂದು ಚಿತ್ರ ತೋರಿಸಿದ್ರಂತೆ. ಎಡಗಡೆ, ಹಣೆ ಮುಗಿದು ಕಿವಿ ಶುರುವಾಗೋ ಕಡೆ, ಒಂದು ಅವರೆಕಾಳಿನಷ್ಟು ಜಾಗ ಒಣಗಿದೆ. ಅಲ್ಲೇ ಮಾತು ಹುಟ್ಟೋದು ಅಂದ್ರಂತೆ. ಇವಳು ಮನೆಗೆ ಬಂದವಳೇ ಹರಕೆ ಹೊತ್ಲು. ಎಲ್ಲರ ಹಾಗೆ ಮೇಣದ ತಲೆ ಕೊಡು ಅಂದೆ ನಾನು. ಕೇಳಲಿಲ್ಲ.

"ತಲೆಗೇನಾಗಿದೆ ಅವನಿಗೆ? ಒಂದು ಕೂದಲು ಉದುರಿಲ್ಲ. ಕೆಟ್ಟಿರೋದು ಯಾವುದೋ ಅದನ್ನ ತೋರಿಸ್ಬೇಕು ತಾನೇ ಮಾತೆಗೆ?"

ಮೆದುಳಿಗೆ ಅಚ್ಚಿಲ್ಲ. ಯಾವ ಕಾಲಕ್ಕೂ ಯಾರೂ ಕೇಳಿಲ್ಲ. ನೋಡಿ ಮಾಡೋಣ ಅಂದ್ರೆ ಮನುಷ್ಯರದ್ದು ಎಲ್ಲಿ ಸಿಗತ್ತೆ? ಆ ವಾರ ನಮ್ಮ ಮನೇಲಿ ಹಂದಿ ಕಡಿದ್ರು. ಮೆದುಳಿಗೆ ಮೊಟ್ಟೆ ಒಡೆದು ಹುರಿಯೋಕೆ ಅಂತ ನಾನು ಎತ್ತಿಟ್ಟಿದ್ದೆ. ಅವಳು ಬಂದು ತಟ್ಟೆಗೆ ಹಾಕ್ಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಅದನ್ನೇ ದೊಡ್ಡದಾಗಿ ಮೇಣದಲ್ಲಿ ತಿದ್ದಿದ್ಲು. ಗುಡಿಯ ಹಳೇ ಮೇಣ ಅಲ್ಲ, ತನ್ನ ಜೇನುಗೂಡಿನ ಹೊಸಾ ಮೇಣ. ಬೇರೆ ಯಾರ ಕೈಕಾಲೂ ಅದರಲ್ಲಿ ಬೆರೆತಿರಬಾರದು ಅಂತ. ಇದ್ದಿದ್ದೇ ಅಷ್ಟು. ಒಂದಕ್ಕೆ ಮಾತ್ರ ಸಾಕಾಯ್ತು.

ಗುಡಿಯಲ್ಲಿ ಪಾದ್ರಿ ಅಬೀಲಿಯೊ ಬಟ್ಟೆ ಬಿಚ್ಚಿ ನೋಡಿದ್ರು.

"ಏನೇ ಇದು, ಕರುಳಾ?"

"ಮೆದುಳು ಫಾದರ್. ದೆಲ್ಫೀಂದು."

"ಹೆಂಗಸರು ಮಕ್ಕಳು ಬರೋ ಜಾಗ. ತಲೆ ತಗೊಂಡು ಬಾ, ಎಲ್ಲರ ಹಾಗೆ."

"ಮೊಲೆ ನೇತುಹಾಕ್ತೀರಿ, ಮೆದುಳು ಬೇಡ್ವಾ?"

"ಹೊರಡು ನೀನು."

ಹೊರಟ್ಲು. ಅದಕ್ಕೇ ಸಿಟ್ಟು.

ಸ್ಮಶಾನದ ಗೋಡೆ ಪಕ್ಕದಲ್ಲಿ ಆ ಅಂಜೂರದ ಮರ, ಅದರ ಕೆಳಗೆ ಬಾವಿ. ನೀವೂ ಹಗಲಲ್ಲಿ ನೀರು ಕುಡಿದಿದೀರಿ ಅಲ್ಲಿ. ಅವಳ ಮರದ ಮೆಟ್ಟು ಕಲ್ಲಿನ ಮೇಲೆ ಟಕ್... ಟಕ್... ಅಂತಿತ್ತು. ಬಾವಿ ಸರಪಳಿ ಗಾಳಿಗೆ ಕಿರ್ರ್... ಅಂತು. ದಾಟಿ ನಾಕು ಹೆಜ್ಜೆ ಹೋಗಿದ್ಲೋ ಇಲ್ವೋ, ಹಿಂದೆ ಇನ್ನೊಂದು ಸದ್ದು.

ಸರಕ್... ಸರಕ್...

ಎಲೆ ಅಲ್ಲ. ಎಲೆ ಸದ್ದು ಅವಳಿಗೆ ಗೊತ್ತಿಲ್ವಾ? ಯಾರೋ ಪಕ್ಕದ ಕೋಣೇಲಿ ಕೂತು ಹಳೇ ಪೇಪರು ಮುದುರೋ ಹಾಗೆ. ನಿಂತ್ಲು. ಅದೂ ನಿಂತಿತು. ಹೊರಟ್ಲು. ಸರಕ್...

"ಯಾರದು? ನಂಗೆ ಇನ್ನೂ ಸಿಟ್ಟು ಇಳಿದಿಲ್ಲ, ನೋಡ್ಕೋ."

"ಅದು ಹಂದೀದು."

ತಿರುಗಿ ನೋಡಿದ್ರೆ ಬಾವಿಕಟ್ಟೆ ಮೇಲೆ ಒಬ್ಬ ಹೆಂಗಸು. ತಲೆವಸ್ತ್ರ ಹುಬ್ಬಿನವರೆಗೆ ಬಿಗಿದು ಕಟ್ಟಿದೆ. ಕೈ ಎರಡೂ ಮಡಿಲಲ್ಲಿ. ಪಿಸುಮಾತು, ಆದ್ರೆ ಒಂದೊಂದು ಅಕ್ಷರವೂ ಕೇಳ್ಸತ್ತೆ.

"ಏನಂದೆ?"

"ಬುಟ್ಟೀಲಿರೋದು ಹಂದೀದು ಕಣೇ. ಮುಂದುಗಡೆ, ಅಡಿಯಲ್ಲಿ, ವಾಸನೆ ಹಿಡಿಯೋ ಗೆಡ್ಡೆ ಎರಡನ್ನೂ ಹೆಬ್ಬೆರಳಿನಷ್ಟು ದಪ್ಪ ಇಟ್ಟಿದೀಯ. ಮೂಸಿ ಮೂಸಿ ಬದುಕೋ ಪ್ರಾಣಿಗೆ ಹಂಗಿರತ್ತೆ. ನಮ್ಮದು ಬೆಂಕಿಕಡ್ಡಿಯಷ್ಟು. ಕಿರುಮೆದುಳನ್ನ ಹಿಂದೆ ಅಂಟಿಸಿದೀಯ. ಮನುಷ್ಯರದು ಕೆಳಗೆ ಅಡಗಿರತ್ತೆ."

"ಬಟ್ಟೆ ಮುಚ್ಚಿದೆ. ನಿಂಗೆಲ್ಲಿಂದ ಕಾಣ್ತು?"

ಹೆಂಗಸು ಸರಿದು, ಕಟ್ಟೆ ಮೇಲೆ ಜಾಗ ಮಾಡಿದ್ಲು.

"ಇದೆಲ್ಲ ಯಾರು ಹೇಳಿಕೊಟ್ರು ನಿಂಗೆ?"

"ನಂದು ನಗರದಲ್ಲಿದೆ. ಡಾಕ್ಟರ ಕಾಲೇಜಲ್ಲಿ, ಕಪಾಟಿನಲ್ಲಿ, ಜಾಡಿಯೊಳಗೆ. ಪ್ರತಿ ಅಕ್ಟೋಬರಿಗೆ ಹೊಸಾ ಹುಡುಗರು ಬರ್ತಾರೆ. ಅವರ ಮೇಷ್ಟ್ರು ಕಡ್ಡಿ ಹಿಡ್ಕೊಂಡು ಒಂದೊಂದೇ ಮುಟ್ಟಿ ಹೆಸರು ಹೇಳ್ತಾರೆ. ಕೇಳಿ ಕೇಳಿ ಬಾಯಿಪಾಠ."

ಹಾಗಂದು ತಲೆವಸ್ತ್ರ ಹಿಂದಕ್ಕೆ ಸರಿಸಿದ್ಲು. ಈ ಕಿವಿಯಿಂದ ಆ ಕಿವಿಗೆ, ನೆತ್ತಿ ಮೇಲೆ, ಗೋಣಿಚೀಲ ಹೊಲಿದ ಹಾಗೆ ಹೊಲಿಗೆ. ತಲೆ ಅಲ್ಲಾಡಿದಾಗೆಲ್ಲ ಒಳಗಿಂದ ಸರಕ್...

"ಜ್ವರ ಅಂತ ಹೋಗಿದ್ದೆ. ಪೆಟ್ಟಿಗೇಲಿ ವಾಪಸ್ ಕಳಿಸಿದ್ರು. ತಗೋತೀವಿ ಅಂತ ಯಾರನ್ನೂ ಕೇಳಲಿಲ್ಲ. ಒಳಗೆ ಖಾಲಿ ಆಯ್ತಲ್ಲ, ಪೇಪರು ತುರುಕಿ ಹೊಲಿದ್ರು."

ಜುಲ್ಮೀರಾ ಬುಟ್ಟಿಯನ್ನ ಇನ್ನೊಂದು ಕೈಗೆ ಬದಲಾಯಿಸಿದ್ಲು.  ಓಡಲಿಲ್ಲ.

"ನಿನ್ನ ಹೆಸರೇನಕ್ಕ?"

ಹೆಂಗಸು ಎಡಗಿವಿಯ ಮೇಲೆ, ಸ್ವಲ್ಪ ಮುಂದಕ್ಕೆ, ಬೆರಳಿಟ್ಲು.

"ಇಲ್ಲಿಂದ ಒಂದು ಚೂರು ಕೊಯ್ದು ಗಾಜಿನ ಮೇಲಿಟ್ಟು ನೋಡಿದ್ರು. ಹೆಸರು ಅದರ ಜೊತೆ ಹೋಯ್ತು. ಜಾಡಿ ಮೇಲೆ ಇರೋದು ನಂಬರು... ನನ್ನ ಮಡಿಕೆ ಮಡಿಕೆಯೂ ಅವರಿಗೆ ಗೊತ್ತು ಕಣೇ. ಇದು ಯಾರದು ಅಂತ ಒಬ್ಬನೂ ಕೇಳಲಿಲ್ಲ."

ಗಾಳಿ ನಿಂತಿತ್ತು. ಸರಪಳಿಯೂ ಸುಮ್ಮನಿತ್ತು.

"ಹೆದರಿಸೋಕೆ ಬಂದಿದ್ರೆ ಇನ್ನೊಂದಿನ ಬಾ," ಅಂದ್ಲು ಜುಲ್ಮೀರಾ. "ಇವತ್ತು ನನ್ನ ಕೈಲಾಗಲ್ಲ. ಏನು ಬೇಕೋ ಹೇಳು."

"ನಂಗೊಂದು ಮಾಡಿಕೊಡು."

"ಇರೋದು ಒಂದರ ಮೇಣ. ಅದು ನನ್ನ ಗಂಡನ ಮಾತಿಗೆ."

"ಹಂದೀದು ಕೊಟ್ರೆ ಹಂದಿ ಮಾತೇ ಬರತ್ತೆ."

ಆ ಕತ್ತಲಲ್ಲಿ, ಆ ಬಾವಿ ಪಕ್ಕದಲ್ಲಿ, ಜುಲ್ಮೀರಾಗೆ ನಗು ಬಂತಂತೆ. ಗಂಡನಿಗೆ ಲಕ್ವ ಹೊಡೆದ ಮೇಲೆ ಮೊದಲನೇ ಸಲ.

"ಸರಿ. ನಿಂಗೆ ಕೊಟ್ರೆ ಅವನಿಗೆ ಮಾತು ಬರತ್ತಾ?"

"ನಾನೇನು ದೇವಮಾತೆಯಾ? ನಂಗೆ ಗೊತ್ತಿಲ್ಲ."

ನೋಡಿ, ಈ ಮಾತೇ ಅವಳಿಗೆ ಹಿಡಿಸಿದ್ದು. ಬರತ್ತೆ ಬರತ್ತೆ ಅಂತ ಅವಳಿಗೆ ಎಲ್ಲರೂ ಹೇಳಿದ್ರು. ಡಾಕ್ಟರು, ಪಾದ್ರಿ, ನಾನೂ ಹೇಳಿದ್ದೆ. ಗೊತ್ತಿಲ್ಲ ಅಂದೋಳು ಇವಳೊಬ್ಬಳೇ. "ಬಾ ಹಾಗಾದ್ರೆ," ಅಂದ್ಲು. "ಹೆಂಗೆ ಮಾಡೋದು ಅಂತ ನೀನೇ ಹೇಳು. ಯಾರಿಗೆ ಕೊಡೋದು ಅನ್ನೋದು ಆಮೇಲೆ."

ಮನೇಲಿ ತಾಮ್ರದ ಬಾಣಲೆ ಒಲೆ ಮೇಲಿಟ್ಟು ಹಂದಿ ಮೆದುಳನ್ನ ಕರಗಿಸಿದ್ಲು. ಗುಳ್... ಗುಳ್... ದೆಲ್ಫೀಂ ಒಳಕೋಣೇಲಿ ಮಲಗಿದ್ದ. ಆ ಹೆಂಗಸು ಬಾಗಿಲ ಹತ್ರ ನಿಂತ್ಲು, ಬೆಳಕಿಗೆ ಬರಲಿಲ್ಲ. ಮೇಣ ಕೈಗೆ ಒಗ್ಗೋ ಹದಕ್ಕೆ ಬಂದ ಮೇಲೆ ಪಿಸುಮಾತು ಶುರುವಾಯ್ತು.

ಮುಷ್ಟಿ ಎರಡೂ ಜೋಡಿಸಿ ಹಿಡೀರಿ, ನಿಮಗೂ ತಿಳಿಯುತ್ತೆ. ಹಾಂ, ಹಂಗೆ. ಇದಕ್ಕಿಂತ ದೊಡ್ಡದು, ಆದ್ರೆ ಹೀಗೇ ಎರಡು ಹೋಳು. ನಡುವೆ ಮುಂದಿಂದ ಹಿಂದಕ್ಕೆ ಆಳವಾದ ಸೀಳು. "ಪೂರ್ತಿ ಸೀಳ್ಬೇಡ," ಅಂದ್ಲಂತೆ, "ತಳದಲ್ಲಿ ಬಿಳೀ ಪಟ್ಟಿ ಎರಡನ್ನೂ ಹಿಡ್ಕೊಂಡಿರತ್ತೆ. ಅದಿಲ್ಲದಿದ್ರೆ ಎಡಗೈ ಮಾಡಿದ್ದು ಬಲಗೈಗೆ ತಿಳಿಯಲ್ಲ." ಆಮೇಲೆ ಮೇಲೆಲ್ಲ ಏಣು, ತಗ್ಗು, ಏಣು, ತಗ್ಗು. ಜುಲ್ಮೀರಾ ಚಮಚದ ಹಿಡಿಯಿಂದ ಮನಸ್ಸಿಗೆ ಬಂದ ಹಾಗೆ ಗೀರ್ತಾ ಹೋದ್ಲು.

"ಅಕ್ರೋಟು ಮಾಡ್ತಿದೀಯೇನೇ? ನಿಲ್ಸು. ದೊಡ್ಡ ತಗ್ಗು ಮೊದಲು."

ನೆತ್ತಿಯ ನಡುವಿಂದ ಕಿವಿ ಕಡೆಗೆ ಇಳಿಯೋ ಒಂದು ತಗ್ಗು. ಅದರ ಮುಂದಿನ ಏಣು ಕೈಕಾಲು ಆಡಿಸೋದು, ಹಿಂದಿನ ಏಣು ಮುಟ್ಟಿದ್ದು ತಿಳಿಯೋದು. ಪಕ್ಕದಲ್ಲಿ ಇನ್ನೊಂದು, ಬೆರಳು ಹೂತುಹೋಗೋ ಅಂಥದ್ದು, ಮುಂದಿಂದ ಹಿಂದಕ್ಕೆ ಅಡ್ಡಡ್ಡ. ಅದರ ಕೆಳಗಿನ ಹಾಲೆ ಉಣ್ಣೆ ಕೈಗವಸಿನ ಹೆಬ್ಬೆರಳಿನ ಹಾಗೆ ಮುಂದಕ್ಕೆ ಚಾಚಿಕೊಂಡಿರತ್ತೆ. ಕೇಳಿಸಿಕೊಳ್ಳೋದು ಅಲ್ಲಿ. ನೋಡೋದು ಮಾತ್ರ ಕಣ್ಣ ಹತ್ರ ಅಲ್ಲ, ಹಿಂದೆ, ತಲೆದಿಂಬಿಗೆ ತಾಗೋ ಕಡೆ. "ದೇವರು ಯಾಕೆ ಹಂಗಿಟ್ಟನೋ ನಂಗೊತ್ತಿಲ್ಲ, ನೀನು ಇಡು." ಅದರಡಿ ಕಿರುಮೆದುಳು. ಅದಕ್ಕೆ ದಪ್ಪ ಮಡಿಕೆ ಅಲ್ಲ, ಎಲೆಕೋಸು ಕತ್ತರಿಸಿದಾಗ ಕಾಣತ್ತಲ್ಲ, ಅಷ್ಟು ತೆಳು ಎಳೆ ಎಳೆ. ಸೂಜಿ ತಗೊಂಡು ಗೀರಬೇಕಾಯ್ತು. ಎಲ್ಲದರ ಕೆಳಗೆ ಕಾಂಡ, ಅಣಬೆ ಕಾಲಿನ ಹಾಗೆ. "ಅದನ್ನ ಹುಷಾರಾಗಿ ಮಾಡು. ಉಸಿರು ಅದರಲ್ಲಿರೋದು."

ಮಾಡಿದ್ಲು. ನಮ್ಮ ಮೆಕ್ಕೆಜೋಳದ ದಪ್ಪ ಗುಂಡು ರೊಟ್ಟಿಯಷ್ಟು ತೂಕ ಬಂತಂತೆ ಕೈಗೆ.

ಕೊನೆಗೆ ಉಳಿದಿದ್ದು ಎಡಗಡೆ, ಆ ಅಡ್ಡ ತಗ್ಗಿನ ಮುಂದಿನ ತುದಿಯ ಮೇಲೆ, ಒಂದು ಚಿಕ್ಕ ಗುಳಿ.

"ಇಲ್ಲೇನಾ?"

"ಅಲ್ಲೇ."

ಡಾಕ್ಟರು ಚಿತ್ರದಲ್ಲಿ ಬೆರಳಿಟ್ಟು ತೋರಿಸಿದ್ದೂ ಅಲ್ಲೇ. ಜುಲ್ಮೀರಾ ಅವರೆಕಾಳಿನಷ್ಟು ಮೇಣ ಉರುಟಿ, ಗುಳಿಗಿಟ್ಟು, ಹೆಬ್ಬೆರಳಲ್ಲಿ ಒತ್ತಿದ್ಲು. ಬಾಗಿಲ ಕಡೆಯಿಂದ ಒಂದು ದೀರ್ಘ ಉಸಿರು... ಅಷ್ಟೇ. ಪೇಪರಿನ ಸದ್ದು ಬರಲಿಲ್ಲ.

ಈಗ ಹೇಳಿ, ಯಾರಿಗೆ ಕೊಡೋದು? ನೀವಾಗಿದ್ರೆ? ಅವಳೂ ಮೊದಲು ಗಂಡನ ಕಡೆಗೇ ಯೋಚಿಸಿದ್ಲು. ಬೆಳಿಗ್ಗೆ ಗುಡ್ಡ ಹತ್ತೋದು, ಪಾದ್ರಿ ಬೇಡ ಅಂದ್ರೆ ಅವರ ಕೊರಳಿಗೇ ನೇತುಹಾಕೋದು. ಆದ್ರೆ ನೇತುಹಾಕಿದ ಮೇಲೆ? ಹಬ್ಬ ಮುಗಿಯತ್ತೆ. ಇಳಿಸ್ತಾರೆ. ಮೂಟೆ ಕಟ್ತಾರೆ. ಮೂಟೆ ಬರೋದು ಇದೇ ಮನೆಗೆ, ಇದೇ ಬಾಣಲೆಗೆ. ಬಾಗಿಲಲ್ಲಿ ನಿಂತಿರೋಳಿಂದ ಎರಡನೇ ಸಲ ಅದನ್ನ ಕಿತ್ತುಕೊಳ್ಳೋ ಕೈ ತನ್ನದೇ.

ಒಳಗೆ ದೆಲ್ಫೀಂ ಕೆಮ್ಮಿದ. ಅವಳಿಗೆ ಅಳು ಬಂತು. ಅತ್ಲು. ಅತ್ತು, ಮೂಗು ಒರೆಸ್ಕೊಂಡು, ಗೋಡೆ ಮೇಲಿನ ಮಾತೆಯ ಪಟಕ್ಕೆ ಎದುರು ನಿಂತ್ಲು.

"ನಾನು ಮಾಡಿದ್ದು ನೀನು ನೋಡಿದೀಯ. ರಾತ್ರಿಯೆಲ್ಲ ಇಲ್ಲೇ ಇದ್ದೆ ನೀನೂ. ಅವನ ಮಾತು ಕೊಡೋದಿದ್ರೆ ಕೊಡು. ನೇತುಹಾಕಲಿಲ್ಲ ಅಂತ ಮಾತ್ರ ನೆಪ ಹೇಳ್ಬೇಡ."

ಬಾಗಿಲ ಕಡೆ ತಿರುಗಿದ್ರೆ ಯಾರೂ ಇಲ್ಲ. ಆದ್ರೆ ಎಲ್ಲಿಗೆ ಹೋಗ್ಬೇಕು ಅಂತ ಅವಳಿಗೆ ಗೊತ್ತಿತ್ತು. ಸ್ಮಶಾನದ ಗೋಡೆ ಪಕ್ಕದಲ್ಲಿ, ಅಂಜೂರದ ಬೇರು ನುಗ್ಗಿರೋ ಕಡೆ, ಕಲ್ಲಿಲ್ಲದ ಸಮಾಧಿ ಒಂದೇ ಒಂದಿತ್ತು. ಬುಟ್ಟಿ ಅಡಿಗೆಮನೆ ಮೇಜಿನ ಮೇಲೇ ಬಿಟ್ಟು, ಮೆದುಳನ್ನ ಮಡಿಲಲ್ಲಿ ಕಟ್ಕೊಂಡು ಹೋದ್ಲು. ನೆಲ ಹಿಮಕ್ಕೆ ಬಿಗಿದಿತ್ತು. ಕೈಗುದ್ದಲಿ ಖಣ್... ಖಣ್... ಅಂತಿತ್ತು. ಬೆಳಗಿನ ಪೂಜೆಗೆ ಹೊರಟಿದ್ದ ಪಾದ್ರಿ ಅಬೀಲಿಯೊ ಸದ್ದು ಕೇಳಿ ಬಂದ್ರು.

"ಏನೇ ಹೂಳ್ತಿದೀಯ?"

"ವಾಪಸ್ ಕೊಡ್ತಿದೀನಿ ಫಾದರ್."

"ಏನನ್ನ?"

"ನೀವು ಬೇಡ ಅಂದಿದ್ದನ್ನ."

ಪಾದ್ರಿ ಶಿಲುಬೆ ಗುರುತು ಹಾಕ್ಕೊಂಡು ಪೂಜೆಗೆ ಹೋದ್ರು. ಅವರನ್ನೂ ಕೇಳಬಹುದಿತ್ತು, ಈಗ ಇಲ್ಲ.

ಮನೆಗೆ ಬಂದ್ರೆ ಬುಟ್ಟಿ ಖಾಲಿ ಇಲ್ಲ. ಒಳಗೆ ಒಂದು ಉಂಡೆ. ಹಳೇ ಪೇಪರು, ಹಳದಿ ತಿರುಗಿದ್ದು, ಒಣಗಿ ಗಟ್ಟಿಯಾಗಿದ್ದು. ಮೇಲೆ ಗುಂಡಗೆ, ಅಡಿ ಚಪ್ಪಟೆ, ಯಾವುದೋ ಪಾತ್ರೇಲಿ ಒತ್ತಿ ತೆಗೆದ ಹಾಗೆ. ಅವಳ ಅಪ್ಪ ಹುಡುಗನಾಗಿದ್ದ ಕಾಲದ ದನದ ಸಂತೆಯ ಧಾರಣೆ ಅಚ್ಚಾಗಿತ್ತು. ಎಡಗಡೆ ಒಂದು ಚೂರು ಹರಿದಿತ್ತು. ಅವರೆಕಾಳಿನಷ್ಟು. ಉಳಿದಿದ್ದೆಲ್ಲ ಹಳದಿ, ಆ ಹರಿದ ಅಂಚು ಮಾತ್ರ ಬೆಳ್ಳಗೆ, ಈಗ ತಾನೇ ಕಿತ್ತ ಹಾಗೆ. ಆಗ ಹೆದರಿದ್ಲು ನೋಡಿ ಜುಲ್ಮೀರಾ. ಅಲ್ಲಿವರೆಗೆ ಇಲ್ಲ. ಇಕ್ಕಳದಲ್ಲಿ ಎತ್ತಿ ಒಲೆಗೆ ಹಾಕಿದ್ಲು. ಎಲ್ಲ ಪೇಪರಿನ ಹಾಗೇ ಉರಿದುಹೋಯ್ತು.

ಒಳಗಿಂದ ದನಿ ಬಂತು.

"ಲುದೊವೀನಾ."

ದೆಲ್ಫೀಂ ಎದ್ದು ಕೂತಿದ್ದ. ತಾನೇ ಬೆಚ್ಚಿಬಿದ್ದವನ ಹಾಗೆ ತುಟಿ ಮುಟ್ಕೊಂಡು ನೋಡ್ತಿದ್ದ. ಮತ್ತೆ ಅಂದ. ಸ್ಪಷ್ಟವಾಗಿ, ಒಂದಕ್ಷರ ತೊದಲದೆ. "ಲುದೊವೀನಾ."

"ಯಾವಳೋ ಅವಳು?" ಅಂದ್ಲು ಇವಳು. ಇಷ್ಟು ತಿಂಗಳಾದ ಮೇಲೆ ಗಂಡ ಬಾಯಿ ಬಿಟ್ಟು ಇನ್ನೊಬ್ಬಳ ಹೆಸರು ಹೇಳಿದ್ರೆ ಯಾರಾದ್ರೂ ಕೇಳೋದೇ.

"ಹೌದೌದು," ಅಂದ ಅವನು. ಇಬ್ಬರೂ ನಕ್ಕು, ನಗ್ತಾ ನಗ್ತಾ ಅತ್ರು.

ಮಧ್ಯಾಹ್ನ ಪಕ್ಕದ ಮನೆ ಕುಸ್ತೋದಿಯಾ ಅಜ್ಜಿ ಸಾರು ತಗೊಂಡು ಬಂದಿದ್ಲು. ದೆಲ್ಫೀಂ ಅವಳಿಗೂ ಅದನ್ನೇ ಹೇಳಿದ. ನಾನು ಅಲ್ಲೇ ಇದ್ದೆ. ಅಜ್ಜಿ ಕೈಲಿದ್ದ ಸೌಟು ಕೆಳಗೆ ಬಿತ್ತು.

"ಆ ಹೆಸರು ಇವನಿಗೆ ಯಾರು ಹೇಳಿದ್ರು? ನಾನು ಲಂಗ ಹಾಕೋ ಕಾಲದಲ್ಲಿ ಹೋದೋಳು ಅವಳು. ಬಟ್ಟೆ ಒಗೆಯೋಳು. ಹಿಂದೆ ಮುಂದೆ ಯಾರೂ ಇಲ್ಲ. ಆಸ್ಪತ್ರೆಯಿಂದ ಪೆಟ್ಟಿಗೆ ಬಂತು, ಮುಚ್ಚಳ ತೆಗೀಬೇಡಿ ಅಂದ್ರು. ಆ ಅಂಜೂರದ ಕೆಳಗೆ ಹಾಕಿದ್ರು, ಒಂದು ಕಲ್ಲೂ ಇಡಲಿಲ್ಲ."

ದೆಲ್ಫೀಂ ನಮ್ಮೂರವನಲ್ಲ, ನದಿಯಾಚೆಯವನು. ಅವಳು ಸತ್ತಾಗ ಹುಟ್ಟೇ ಇರಲಿಲ್ಲ. ಆ ಪೇಪರಲ್ಲಿ ಹೆಸರು ಇದ್ದಿರಬಹುದು ಅಂತೀರಾ ಮೇಷ್ಟ್ರೇ? ಎತ್ತು, ಹಸು, ಕರುವಿನ ಬೆಲೆ ಬಿಟ್ಟು ಇನ್ನೇನೂ ಇರಲಿಲ್ಲ. ಇದ್ರೂ ಅವನಿಗೆ ಓದೋಕೆ ಬರಲ್ಲ. ಈಗ ಅಲ್ಲಿ ಕಲ್ಲಿದೆ, ಮೇಲೆ ಹೆಸರಿದೆ, ಜುಲ್ಮೀರಾ ಕೆತ್ತಿಸಿದ್ದು. ಹೋಗಿ ನೋಡಿ.

ಮಿಕ್ಕ ಮಾತುಗಳು ನಿಧಾನವಾಗಿ ಬಂದ್ವು. ಉಪ್ಪು ಬಂತು, ನೀರು ಬಂತು, ಹಾಳಾಗ್ಹೋಗು ಬಂತು. ಕ್ರಿಸ್‌ಮಸ್ ಹಿಂದಿನ ದಿನ ಬೆಳಿಗ್ಗೆ ಸೌದೆ ತರ್ತಿದ್ದ ಹೆಂಡತೀನ ನೋಡಿ "ಜುಲ್ಮೀರಾ" ಅಂದ. ಅವಳು ಸೌದೆ ಅಲ್ಲೇ ಬಿಟ್ಟು ಅಂ‌ಗಳದಲ್ಲೇ ಕೂತುಬಿಟ್ಲು. ಈಸ್ಟರ್ ಹೊತ್ತಿಗೆ ಪಾದ್ರಿ ಮೇಲೇ ಒಂದು ಪದ ಕಟ್ಟಿ ಕಣದಲ್ಲಿ ಹಾಡಿದ. ಲಕ್ವ ಹೊಡೆದವರಿಗೆ ಮಾತು ತಾನಾಗೇ ತಿರುಗಿ ಬರೋದುಂಟು ಅಂತೀರಿ. ಉಂಟು. ನಾನು ಇಲ್ಲ ಅಂದ್ನಾ? ಜುಲ್ಮೀರಾನೂ ಅನ್ನಲ್ಲ. ಆಮೇಲೆ ಇನ್ನೊಂದು ಮೆದುಳು ಮಾಡಿ ಮಾತೆಗೆ ಕೊಡೋಣ ಅಂತ ಕೂತಿದ್ಲು, ಎಷ್ಟು ತಿದ್ದಿದ್ರೂ ಬರೀ ಅಕ್ರೋಟು ಆಗ್ತಿತ್ತು, ಬಿಟ್ಲು.

ಇಷ್ಟೇ ಆಗಿದ್ರೆ ನಾನೂ ನಿಮ್ಮ ಜೊತೆ ಸೇರಿ ನಗ್ತಿದ್ದೆನೇನೋ.

ಹೋದ ಭಾನುವಾರ ಅವರ ಮನೇಲಿ ಊಟಕ್ಕೆ ಕೂತಿದ್ದೆ. ದೆಲ್ಫೀಂ ನನ್ನ ಎಡಕ್ಕೆ... ಅಲ್ಲ, ನಾನು ಅವನ ಎಡಕ್ಕೆ. ಇನ್ನೊಂದು ಲೋಟ ವೈನ್ ಹಾಕ್ಲೇನೋ ಅಂದೆ. ಬೇಡ ಅಂತ ತಲೆ ಅಲ್ಲಾಡಿಸಿದ.

ಸರಕ್...

ಅವನ ಎಡಗಿವಿಯ ಮೇಲೆ, ಸ್ವಲ್ಪ ಮುಂದಕ್ಕೆ. ಹೊರಗಲ್ಲ, ಒಳಗೆ. ನಾನು ಜುಲ್ಮೀರಾಳ ಮುಖ ನೋಡಿದೆ. ಅವಳು ನನ್ನ ಮುಖ ನೋಡಿ, ಸಾರಿನ ಬಟ್ಟಲನ್ನ ನನ್ನ ಕಡೆ ತಳ್ಳಿ, "ಆರಿಹೋಗತ್ತೆ, ಕುಡಿ," ಅಂದ್ಲು. ಕುಡಿದೆ.

ಹಸಿರು ಬಾಗಿಲಿನ ಮನೆ. ಇಬ್ಬರೂ ಇದಾರೆ. ನಾಳೆ ಹೋಗಿ, ಅವನು ಒಪ್ಪದೇ ಇರೋ ಅಂಥದ್ದು ಏನಾದ್ರೂ ಕೇಳಿ, ಎಡಗಡೆ ಕೂತ್ಕೊಂಡು.